ಜಯನಗರದಿಂದ ರೈಲು ನಿಲ್ಲಿಸಿದವನು

ಇಂಥ ಅನುಭವಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ರೆಕಾರ್ಡಿಂಗ್ ಇದೆಯಾ?" ಸ್ಮಶಾನದ ಪಕ್ಕ ಯಾರೋ ಹೆಸರು ಹಿಡಿದು ಕರೆದರು ಎಂದವರು, ತೀರಿಕೊಂಡ ಅಜ್ಜನ ಕೆಮ್ಮು ಹಜಾರದಲ್ಲಿ ಕೇಳಿಸಿತು ಎಂದವರು, ಎಲ್ಲರ ಬಾಯನ್ನೂ ಆ ಪ್ರಶ್ನೆಯಿಂದಲೇ ಮುಚ್ಚಿಸಿದ್ದೇನೆ. ನಾನು ರೈಲ್ವೆ ಎಂಜಿನಿಯರು. ಅಳೆಯಲು ಬಾರದ್ದನ್ನು ನಂಬುವುದು ನಮ್ಮ ಕಸುಬಿಗೆ ಆಗಿಬರುವುದಿಲ್ಲ. ಈಗ ನನ್ನ ಹತ್ತಿರವೇ ಒಂದು ರೆಕಾರ್ಡಿಂಗ್ ಇದೆ. ನನ್ನ ತೊಂದರೆಯೂ ಅದೇ.

ನೀವು ಇದನ್ನು ನಂಬಬೇಕು ಎಂದು ನಾನು ಕೇಳುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಮೊದಲು ನನ್ನ ಕೆಲಸದ ಬಗ್ಗೆ ನಾಲ್ಕು ಮಾತು. ಹೊಸ ಹಳಿ ಹಾಕಿ, ಹೊಸ ರೈಲು ತಂದು ನಿಲ್ಲಿಸಿದ ಮೇಲೆ, ಜನರನ್ನು ಹತ್ತಿಸುವ ಮುಂಚೆ ಅದನ್ನು ಓಡಿಸಿ ಓಡಿಸಿ ಪರೀಕ್ಷೆ ಮಾಡಬೇಕು. ಮೊದಲು ನಡೆಯುವಷ್ಟು ನಿಧಾನಕ್ಕೆ, ಆಮೇಲೆ ಸ್ವಲ್ಪ ಜೋರಾಗಿ, ಕೊನೆಗೆ ಪೂರ್ತಿ ವೇಗದಲ್ಲಿ. ಅದೇ ನನ್ನ ಕೆಲಸ. ಬೆಂಗಳೂರಿನಲ್ಲಿ ಮೆಟ್ರೋ ಕಂಬಗಳ ಮೇಲೆ ಹೆಲ್ಮೆಟ್ ಹಾಕಿಕೊಂಡು ಶುರು ಮಾಡಿದವನು ಕೊಲ್ಲಿಗೆ ಹೋದೆ, ಅಲ್ಲಿಂದ ಪೂರ್ವದ ದೇಶಗಳಿಗೆ ಹೋದೆ. ಎಷ್ಟು ಊರು ತಿರುಗಿದರೂ ಒಂದು ವಿಷಯ ಹಳತಾಗಲಿಲ್ಲ. ಯಾವ ಚಕ್ರವೂ ಮುಟ್ಟದ ಹಳಿಯ ಮೇಲೆ ಮೊದಲ ಸಲ ರೈಲು ಉರುಳುತ್ತದಲ್ಲ, ಆ ಸದ್ದಿಗೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಹೆಂಡತಿ ಇದನ್ನು ಹುಚ್ಚು ಎನ್ನುತ್ತಾಳೆ. ಇರಬಹುದು, ಆದರೆ ಸಂಬಳ ಕೊಡುವ ಹುಚ್ಚು.

ಕೋವಿಡ್ ಇಳಿದು, ವಿಮಾನಗಳು ಮಾತ್ರ ಇನ್ನೂ ಸರಿಯಾಗಿ ಹಾರದಿದ್ದ ವರ್ಷ ಅದು. ರಜೆಗೆಂದು ಜಯನಗರದ ಮನೆಗೆ ಬಂದವನು ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಹೆಂಡತಿ ಮಗಳು ನನ್ನ ಕೆಲಸದ ಊರಿನಲ್ಲಿ, ನಾನು ಇಲ್ಲಿ. ನಾವು ಕಟ್ಟುತ್ತಿದ್ದ ರೈಲು ಮಾರ್ಗ ಸಮುದ್ರ ಪಕ್ಕದ ಒಂದು ದೂರದ ನಗರದಲ್ಲಿ. ಊರಿನ ಹೆಸರು ಬೇಡ, ಅಲ್ಲಿನವರಿಗೆ ಮುಜುಗರವಾಗುವುದು ನನಗಿಷ್ಟವಿಲ್ಲ. ಪೂರ್ತಿ ವೇಗದ ಮೊದಲ ಓಟದ ದಿನ ಹತ್ತಿರ ಬಂತು. ಅದನ್ನು ನಡೆಸಬೇಕಾದ ಹಿರಿಯರೊಬ್ಬರು ಕಾಯಿಲೆ ಬಿದ್ದರು. ನಮ್ಮ ಮುಖ್ಯಸ್ಥ ಗ್ರೆಗರಿ ಫೋನ್ ಮಾಡಿ, ಮನೆಯಿಂದಲೇ ಈ ಓಟವನ್ನು ನೀನು ನಡೆಸುತ್ತೀಯಾ ಎಂದು ಕೇಳಿದ.

ಕೇಳುವುದೇನು! ಫೋನ್ ಇಟ್ಟವನೇ ಹಜಾರದಲ್ಲಿ ಕುಣಿದಾಡಿಬಿಟ್ಟೆ. ಅಷ್ಟು ವರ್ಷ ನಾನು ಇನ್ನೊಬ್ಬರ ಕೈಕೆಳಗೆ ಪರೀಕ್ಷೆ ಮಾಡಿದವನು. "ಹೊರಡು" "ನಿಲ್ಲು" ಎಂಬ ಎರಡು ಮಾತನ್ನು ಹೇಳುವ ಅಧಿಕಾರ ಯಾವತ್ತೂ ನನ್ನದಾಗಿರಲಿಲ್ಲ. ಗ್ರೆಗರಿ ಕೆಲವೇ ತಿಂಗಳಲ್ಲಿ ನಿವೃತ್ತನಾಗುವವನಿದ್ದ. ಮುಂದಿನ ದೊಡ್ಡ ಯೋಜನೆಯ ಮುಂದಾಳು ಯಾರೆಂದು ಹೇಳಿ ಹೋಗುವ ಕೆಲಸವೂ ಅವನದೇ. ಈ ಓಟ ರೈಲಿನ ಪರೀಕ್ಷೆ ಎಷ್ಟೋ ನನ್ನ ಪರೀಕ್ಷೆಯೂ ಅಷ್ಟೇ. ಮನೆಯಲ್ಲಿ ಕೂತವನು ರೈಲು ಓಡಿಸುವುದೆಂದರೇನು ಎಂದು ಅಲ್ಲಿ ಕೆಲವರು ಆಗಲೇ ಗೊಣಗಿದ್ದರಂತೆ. ಒಂದು ತಪ್ಪಾದರೆ ಮತ್ತೆ ಆ ಕುರ್ಚಿ ನನಗೆ ಸಿಗುವ ಮಾತೇ ಇರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಒಳಗಿನ ಕೋಣೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಅಲ್ಲಿಗೆ ಆಗಲೇ ಮಧ್ಯಾಹ್ನ. ಮೇಲೆ ಇಸ್ತ್ರಿ ಮಾಡಿದ ಷರಟು, ಕೆಳಗೆ ಪಂಚೆ. ಮಾತಿಗೆ ಅಡ್ಡಿಯಾಗದಿರಲಿ ಎಂದು ಎಲ್ಲರೂ ಕ್ಯಾಮೆರಾ ಆಫ್ ಮಾಡಿದ್ದೆವು. ಗ್ರೆಗರಿ ಅಲ್ಲಿನ ಕಂಟ್ರೋಲ್ ರೂಮಿನಲ್ಲಿದ್ದ. ರೈಲಿನಲ್ಲಿ ಚಾಲಕಿ ರೋಸಾ, ಅವಳ ಹಿಂದೆ ನಮ್ಮ ಕೆಲವು ಎಂಜಿನಿಯರುಗಳು. ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಆಜ್ಞೆ ಕೊಟ್ಟವನ ಮಾತನ್ನು ಕೇಳಿಸಿಕೊಂಡವರು ಹಾಗೆಯೇ ತಿರುಗಿ ಹೇಳಬೇಕು, ಆಜ್ಞೆ ಕೊಟ್ಟವನು "ಕರೆಕ್ಟ್" ಅನ್ನಬೇಕು. ಆಮೇಲೆಯೇ ರೈಲು ಅಲುಗಾಡುವುದು. ನನಗೆ "ಕರೆಕ್ಟ್" ಅಂದಮೇಲೆ ಕನ್ನಡದಲ್ಲಿ "ಸರಿ" ಎಂದು ಸೇರಿಸುವ ಚಾಳಿ. ಅದಕ್ಕೆ ಎಲ್ಲ ದೇಶದವರೂ ನನ್ನನ್ನು ಗೇಲಿ ಮಾಡಿದ್ದಾರೆ.

ನಿಧಾನದ ಓಟಗಳು ಚೆನ್ನಾಗಿಯೇ ಆದವು. ಇನ್ನೇನು ಪೂರ್ತಿ ವೇಗದ್ದು ಎನ್ನುವಾಗ ರೇಡಿಯೋದಲ್ಲಿ ಏನೋ ಗೊರಗೊರ ಶುರುವಾಯಿತು. ಸರಿಪಡಿಸಲು ಕಡಿಮೆಯೆಂದರೂ ಅರ್ಧ ಗಂಟೆ ಬೇಕು, ಎಲ್ಲರೂ ಒಂದು ಕಾಫಿ ಕುಡಿದು ಬನ್ನಿ ಎಂದು ಗ್ರೆಗರಿ ಹೇಳಿದ.

ಇನ್ನು ನಮ್ಮ ಮನೆಯ ಕಥೆ ಕೇಳಿ. ತಂಗಿ ಸುಮಾ ತನ್ನ ದುಡಿಮೆಯಲ್ಲಿ ಮೊದಲ ಕಾರು ತೆಗೆದುಕೊಂಡಿದ್ದಳು. ಅವಳ ಮನೆ ಇರುವುದು ಜರಗನಹಳ್ಳಿಯಲ್ಲಿ. ಆದರೆ ಅಮ್ಮನ ಕಣ್ಣೆದುರೇ ಪೂಜೆ ಆಗಬೇಕೆಂದು ಹಿಂದಿನ ಸಂಜೆಯೇ ಕಾರನ್ನು ಇಲ್ಲಿಗೆ ತಂದು ನಿಲ್ಲಿಸಿದ್ದಳು. ಬೆಳಿಗ್ಗೆಯಿಂದ ಗೇಟಿನ ಮುಂದೆ ಗದ್ದಲವೋ ಗದ್ದಲ. ಭಟ್ಟರು ಬಂದಿದ್ದಾರೆ, ಬಾನೆಟ್ಟಿಗೆ ಹಾರ ಬಿದ್ದಿದೆ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಕೂತಿವೆ. ಕಾರನ್ನು ಅವುಗಳ ಮೇಲೆ ಹತ್ತಿಸುವುದೊಂದು ಬಾಕಿ. ಲೈಸೆನ್ಸ್ ಮೊನ್ನೆಯಷ್ಟೇ ಸಿಕ್ಕ ಸುಮಾ ಸ್ಟಿಯರಿಂಗ್ ಮುಟ್ಟಲೂ ಹೆದರುತ್ತಿದ್ದಾಳೆ. ಅವಳ ಗಂಡ ಮಧುವಿಗೆ ಡ್ರೈವಿಂಗೇ ಬರುವುದಿಲ್ಲ, ಅವನು ಫೋನ್ ಹಿಡಿದು ವಿಡಿಯೋ ಮಾಡುವುದರಲ್ಲಿ ಗಟ್ಟಿಗ.

ಸುಮಾ ಕೋಣೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು. "ಅಣ್ಣಾ, ಎರಡು ನಿಮಿಷ ಬಾರೋ. ಕೈ ನಡುಗ್ತಿದೆ ಕಣೋ. ನೀನೇ ಹತ್ತಿಸಿಬಿಡು."

"ನಾನಿಲ್ಲಿ ರೈಲು ಓಡಿಸ್ತಿದ್ದೀನಿ ಕಣೆ."

"ರೈಲು ಎಲ್ಲಿ ಓಡ್ತಿದೆ? ಈಗ ತಾನೇ ಕಾಫಿ ಕುಡೀರಿ ಅಂದ್ರಲ್ಲ, ನಂಗೂ ಕೇಳಿಸ್ತು."

ಅಷ್ಟರಲ್ಲಿ ಹೊರಗಿನಿಂದ ಭಟ್ಟರ ಧ್ವನಿ. "ಸಾರ್, ಹತ್ತೂವರೆಗೆ ರಾಹುಕಾಲ ಬಂದ್ಬಿಡುತ್ತೆ. ಆಮೇಲೆ ನನ್ನನ್ನ ಕೇಳ್ಬೇಡಿ. ಶ್ರೀನಗರದಲ್ಲಿ ಇನ್ನೊಂದು ಗಾಡಿ ಕಾಯ್ತಿದೆ ನಂಗೆ."

ಬೇರೆ ಯಾವ ದೇಶದ ಎಂಜಿನಿಯರಿಗೂ ಇಂಥ ಇಕ್ಕಟ್ಟು ಬಂದಿರಲಾರದು. ಒಂದು ಕಡೆ ಪೂರ್ತಿ ವೇಗದ ರೈಲು, ಇನ್ನೊಂದು ಕಡೆ ರಾಹುಕಾಲ. ಅರ್ಧ ಗಂಟೆಯಿದೆಯಲ್ಲ ಎಂದುಕೊಂಡು ಮೈಕನ್ನು ಮ್ಯೂಟ್ ಮಾಡಿದೆ. ಮ್ಯೂಟ್ ಆಗಿದೆಯೇ ಎಂದು ಇನ್ನೊಮ್ಮೆ ನೋಡಿದೆ. ಪಂಚೆ ಎತ್ತಿ ಕಟ್ಟಿಕೊಂಡು ಹೊರಗೆ ಓಡಿದೆ.

ಹೊರಗೆ ಹೋದಮೇಲೆ ಎರಡು ನಿಮಿಷದ ಕೆಲಸ ಎರಡೇ ನಿಮಿಷದಲ್ಲಿ ಮುಗಿಯುತ್ತದೆಯೇ? ಮಂಗಳಾರತಿ ಮತ್ತೊಮ್ಮೆ ಆಯಿತು. ಸೀಟನ್ನು ಹಿಂದಕ್ಕೆ ಜರುಗಿಸುವ ಗುಂಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಎದುರುಮನೆಯವರು ಅವರ ಸ್ಕೂಟರ್ ತೆಗೆಯಬೇಕಾಯಿತು. ಕೊನೆಗೂ ನಾನು ಕಾರನ್ನು ಮೆಲ್ಲಗೆ ಬಿಟ್ಟೆ, ನಿಂಬೆಹಣ್ಣುಗಳು ಪಚ್ಚೆಂದವು, ಎಲ್ಲರೂ ಚಪ್ಪಾಳೆ ತಟ್ಟಿದರು, ಸುಮಾ ಅತ್ತೇಬಿಟ್ಟಳು. ಮಧು "ಸಖತ್, ಭಾವ! ಒನ್ಸ್ ಮೋರ್!" ಎಂದು ಕೂಗಿದ. ನಾನೂ ಹಿಗ್ಗಿ ಹೀರೇಕಾಯಿಯಾಗಿ ರಸ್ತೆಯ ತುದಿಯವರೆಗೆ ಹೋಗಿ ಒಂದು ಸುತ್ತು ಹಾಕಿಕೊಂಡು ಬಂದೆ. ಇದೆಲ್ಲವೂ ಮಧುವಿನ ಫೋನಿನಲ್ಲಿ ಎಡೆಬಿಡದೆ ದಾಖಲಾಗಿದೆ. ಆ ವಿಡಿಯೋದ ಉದ್ದಕ್ಕೂ ನಾನಿದ್ದೇನೆ.

ಒಳಗೆ ಬಂದು ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡೆ. ಅಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ರೇಡಿಯೋ ಬೇಗನೆ ಸರಿಹೋಗಿತ್ತು. ಓಟ ಶುರುವಾಗಿತ್ತು. ರೈಲು ನಿಲ್ದಾಣ ದಾಟಿದ ಮೇಲೆ ನಿಂತಿತ್ತು. ನಾನಿಲ್ಲದೆ ಹೊರಡಿಸಿದ್ದಾರೆ, ಏನೋ ಆಗಿದೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮ್ಯೂಟ್ ತೆಗೆದು, ಏನಾಯಿತು, ನಿಲ್ಲಿಸಿದವರು ಯಾರು ಎಂದು ಕೇಳಿದೆ.

ಗ್ರೆಗರಿ ನಕ್ಕ. ನೀನೇ ತಾನೇ ನಿಲ್ಲಿಸಿದ್ದು ಎಂದ.

ಸ್ವಲ್ಪ ಹೊತ್ತಿಗೆ ಹಳಿಯ ವಿದ್ಯುತ್ ತೆಗೆದು, ಎಂಜಿನಿಯರುಗಳು ಇಳಿದು, ಮುಂದಿನ ಬೋಗಿಯ ಬಲಗಡೆಯ ಮೊದಲ ಚಕ್ರವನ್ನು ನೋಡಿದರು. ಚಕ್ರದ ಮುಂದೆ ಒಂದು ಉಕ್ಕಿನ ತುಂಡು ಇರುತ್ತದೆ. ಹಳಿಯ ಮೇಲೆ ಕಲ್ಲೋ ಕೊಂಬೆಯೋ ಬಿದ್ದಿದ್ದರೆ ಪಕ್ಕಕ್ಕೆ ದೂಡುವುದು ಅದರ ಕೆಲಸ. ಅದು ಬೋಲ್ಟ್ ಸಡಿಲವಾಗಿ ಹಳಿಗೆ ತಾಗುವಷ್ಟು ಜೋತುಬಿದ್ದಿತ್ತು. ಸ್ವಲ್ಪ ಮುಂದೆಯೇ ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗ. ಪೂರ್ತಿ ವೇಗದಲ್ಲಿ ಆ ತುಂಡು ಅಲ್ಲಿ ಸಿಕ್ಕಿಕೊಂಡಿದ್ದರೆ ರೈಲು ಹಳಿ ತಪ್ಪುತ್ತಿತ್ತು. ಹಳಿಯಿದ್ದದ್ದು ಕಂಬಗಳ ಮೇಲೆ, ಕೆಳಗೆ ರಸ್ತೆಯಿತ್ತು. ರೋಸಾ ಮತ್ತು ಅವಳ ಹಿಂದೆ ಇದ್ದವರ ಮುಖಗಳೆಲ್ಲ ಕಣ್ಣ ಮುಂದೆ ಬಂದವು.

ನಾನು ನಿಲ್ಲಿಸಲಿಲ್ಲ, ನಾನು ಇಲ್ಲಿ ಇರಲೇ ಇಲ್ಲ ಎಂದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿ ಸಂಭ್ರಮವೋ ಸಂಭ್ರಮ.

ಅಂದು ಸಂಜೆ ಅವರು ರೆಕಾರ್ಡಿಂಗ್ ಕಳಿಸಿದರು. ಕೇಳಿದೆ. ಮೊದಲು ಗ್ರೆಗರಿ ನನ್ನ ಹೆಸರು ಹೇಳಿ, ಸಿದ್ಧವೇ ಎಂದು ಕೇಳುತ್ತಾನೆ. "ಸಿದ್ಧ, ಹೊರಡಿಸಿ" ಎಂದು ನನ್ನ ಧ್ವನಿ ಹೇಳುತ್ತದೆ. ರೋಸಾ ತಿರುಗಿ ಹೇಳುತ್ತಾಳೆ. "ಕರೆಕ್ಟ್. ಸರಿ." ರೈಲಿನ ಸದ್ದು ಏರುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಧ್ವನಿ: "ಹೋಲ್ಡ್. ಮುಂದಿನ ಬೋಗಿ, ಬಲಗಡೆ ಮೊದಲ ಚಕ್ರ. ಇಳಿದು ನೋಡಿ." ರೋಸಾ ತಿರುಗಿ ಹೇಳುತ್ತಾಳೆ, ಬ್ರೇಕಿನ ಸದ್ದು, ಮತ್ತೆ "ಕರೆಕ್ಟ್. ಸರಿ." ಅದು ನಾನೇ. ಸಂಶಯವಿಲ್ಲ. ಆದರೆ ಅಷ್ಟು ಸಮಾಧಾನವಾಗಿ ನಾನು ಹುಟ್ಟಿದಮೇಲೆ ಮಾತಾಡಿದವನಲ್ಲ. ರೈಲಿನಲ್ಲಿ ಒಂದು ಸ್ಕ್ರೂ ಬಿದ್ದರೂ ಊರು ಕೇಳುವ ಹಾಗೆ ಕೂಗುವವನು ನಾನು. ಧ್ವನಿ ಸ್ವಲ್ಪ ಒಡೆದಿತ್ತು ಕೂಡ, ಅದು ನೆಟ್‌ವರ್ಕಿನ ತೊಂದರೆ ಅಂದುಕೊಂಡೆ. ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಆಮೇಲಿನ ಒಂದು ಮಾತು. ಲೋಟ ಇಟ್ಟ ಸದ್ದಿನ ಜೊತೆಗೆ, ಮೆಲ್ಲಗೆ, "ಅಲ್ಲೇ ಇಡಮ್ಮ."

ಗ್ರೆಗರಿ ಅದನ್ನೊಂದು ಭಾರತೀಯ ರೈಲ್ವೆ ಪದ ಎಂದು ತಿಳಿದಿದ್ದ. ಅರ್ಥ ಕೇಳಿ ಸಂದೇಶ ಬೇರೆ ಕಳಿಸಿದ್ದ.

ಅಡುಗೆಮನೆಗೆ ಹೋದೆ. ಎಲ್ಲರೂ ಹೊರಗಿದ್ದಾಗ ಮನೆಯೊಳಗೆ ಇದ್ದದ್ದು ಅಮ್ಮ ಒಬ್ಬಳೇ. ಮಂಡಿನೋವೆಂದು ಆರತಿ ಆದಮೇಲೆ ಒಳಗೆ ಬಂದಿದ್ದಳು.

"ಅಮ್ಮ, ಬೆಳಿಗ್ಗೆ ಕೋಣೆಗೆ ಕಾಫಿ ತಂದಿದ್ಯಾ?"

"ಹೂಂ, ತಂದಿಟ್ಟೆನಲ್ಲ. ಕುಡಿದೂ ಇದ್ಯಲ್ಲ ಅರ್ಧ."

"ನಾನು ಆಗ ಹೊರಗಿದ್ದೆ ಕಣಮ್ಮ. ಕಾರಲ್ಲಿ."

ಅಮ್ಮ ನನ್ನ ಮುಖ ನೋಡಿದಳು. "ಏನೋ ಹಾಗಂದ್ರೆ? ನಿನ್ನ ಬೆನ್ನು ನೋಡಿದ್ದೀನಿ ನಾನು. ಗಂಟಲು ಕಟ್ಟಿದ ಹಾಗೆ ಮಾತಾಡ್ತಿದ್ದೆ, ಅದಕ್ಕೇ ಬಿಸಿಯಾಗಿರ್ಲಿ ಅಂತ ತಂದೆ. ತಿರುಗಿ ಕೂಡ ನೋಡ್ಲಿಲ್ಲ, ಅಲ್ಲೇ ಇಡು ಅಂದೆ. ಕೆಲಸದಲ್ಲಿದ್ದೀಯ ಅಂತ ಬಂದ್ಬಿಟ್ಟೆ." ಆಮೇಲೆ ಒಗ್ಗರಣೆಯ ಕಡೆ ತಿರುಗಿ ಹೇಳಿದಳು, "ಮೊದಲಿಂದ್ಲೂ ಹೀಗೆ ಮೆತ್ತಗೆ ಮಾತಾಡೋದು ಕಲ್ತಿದ್ರೆ ಎಷ್ಟು ಚೆನ್ನಾಗಿತ್ತು ಅಂದ್ಕೊಂಡೆ."

ಅಂದು ರಾತ್ರಿ ಮಧು, ಸುಮಾ, ನಾನು ಕೂತು ವಿಡಿಯೋ ಮತ್ತು ರೆಕಾರ್ಡಿಂಗ್ ಎರಡನ್ನೂ ಅಕ್ಕಪಕ್ಕ ಇಟ್ಟು ಹೊಂದಿಸಿದೆವು. ಒಂದರಲ್ಲಿ ನಾನು ರಸ್ತೆಯ ತುದಿಯಲ್ಲಿ ಕಾರು ತಿರುಗಿಸುತ್ತಿದ್ದೇನೆ. ಇನ್ನೊಂದರಲ್ಲಿ ಅದೇ ಹೊತ್ತಿಗೆ "ಹೋಲ್ಡ್" ಅನ್ನುತ್ತಿದ್ದೇನೆ. ಮಧು ಸಾಫ್ಟ್‌ವೇರ್‌ನವನು, ಸುಲಭಕ್ಕೆ ಬಿಡುವವನಲ್ಲ. "ಭಾವ, ಯಾರೋ ನಿಮ್ಮ ಧ್ವನೀನ ಕಂಪ್ಯೂಟರ್‌ನಲ್ಲಿ ಮಾಡಿರ್ತಾರೆ. ಈಗೆಲ್ಲಾ ಆಗುತ್ತೆ" ಎಂದ. ನಾನೂ ಆ ಕಡೆಯಿಂದ ಯೋಚಿಸಿದ್ದೆ. ಆದರೆ ಬೋಲ್ಟ್ ಸಡಿಲವಾದದ್ದು ಗೊತ್ತಿದ್ದವನು ತನ್ನ ಧ್ವನಿಯಲ್ಲೇ ಕೂಗಬಹುದಿತ್ತಲ್ಲ, ನನ್ನದು ಯಾಕೆ ಬೇಕು? ಮಾತು ಬಂದದ್ದು ನಮ್ಮ ಮನೆಯ ಇಂಟರ್ನೆಟ್ಟಿನಿಂದಲೇ, ನನ್ನ ಲ್ಯಾಪ್‌ಟಾಪಿನಿಂದಲೇ ಎಂದು ಮಧುವೇ ಮಾರನೆಯ ದಿನ ಪತ್ತೆ ಮಾಡಿದ. ಆಮೇಲೆ ಅವನು ಆ ವಿಷಯ ಎತ್ತಲಿಲ್ಲ. ಸುಮಾ ಮಾತ್ರ ಭಟ್ಟರಿಗೆ ಇನ್ನಷ್ಟು ದಕ್ಷಿಣೆ ಕಳಿಸಿದಳು.

ಗ್ರೆಗರಿಗೆ ನಾನು ಎಲ್ಲವನ್ನೂ ಹೇಳಿದೆ. ಕಾರು, ನಿಂಬೆಹಣ್ಣು, ರಾಹುಕಾಲ, ಅಮ್ಮನ ಕಾಫಿ, ಒಂದನ್ನೂ ಬಿಡಲಿಲ್ಲ. ವಿಡಿಯೋವನ್ನೂ ಕಳಿಸಿದೆ. ಅವನು ಬಿದ್ದು ಬಿದ್ದು ನಕ್ಕ. ದೊಡ್ಡ ಕೆಲಸ ಮಾಡಿಯೂ ತನ್ನದಲ್ಲ ಅನ್ನುವ ಇಂಥ ಮನುಷ್ಯನನ್ನು ತಾನು ನೋಡಿಯೇ ಇಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದ. ನಾನು ಇಲ್ಲ ಅಂದಷ್ಟೂ ನನ್ನ ಹೆಸರು ಏರಿತು. ಮುಂದಿನ ಯೋಜನೆಯ ಮುಂದಾಳುತನ ನನಗೇ ಬಂತು. ಕಾಗದ ಕೈಗೆ ಬಂದ ದಿನ ಖುಷಿಯಿಂದ ನನಗೆ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅಲ್ಲಿಂದ ಇನ್ನೊಂದು ದೇಶ, ಅಲ್ಲಿಂದ ಮತ್ತೊಂದು. ಹೋದಲ್ಲೆಲ್ಲ ನನಗಿಂತ ಮೊದಲು ನನ್ನ ಕಥೆ ಹೋಗಿ ಕೂತಿರುತ್ತದೆ. ಜಯನಗರದ ಮನೆಯಲ್ಲಿ ಕೂತು, ಕಡಲಾಚೆಯ ರೈಲಿನ ಸದ್ದು ಕೇಳಿ ಬೋಲ್ಟ್ ಸಡಿಲವಾದದ್ದನ್ನು ಕಂಡುಹಿಡಿದವನು ಇವನೇ ಎಂದು ಪರಿಚಯ ಮಾಡಿಕೊಡುತ್ತಾರೆ. ನಾನು ಅಲ್ಲಪ್ಪ ಅನ್ನುತ್ತೇನೆ. ಅವರು ಮೆಚ್ಚುಗೆಯಿಂದ ತಲೆಯಾಡಿಸುತ್ತಾರೆ.

ಆ ದಿನವಾದ ಮೇಲೆ ಎಷ್ಟೋ ಓಟಗಳನ್ನು ನಡೆಸಿದ್ದೇನೆ. ಮೊದಮೊದಲು ಆ ಧ್ವನಿ ಮತ್ತೆ ಬರಬಹುದೆಂದು ಕಿವಿ ನಿಮಿರಿಸಿ ಕೂರುತ್ತಿದ್ದೆ. ಬರಲಿಲ್ಲ. ಕ್ರಮೇಣ ನನ್ನ ಕೆಲಸದಲ್ಲಿ ನನಗೇ ಧೈರ್ಯ ಬಂತು. ನಾನೇ ನೋಡಿ, ನಾನೇ ಅಳೆದು, ಕೆಲವು ರೈಲುಗಳನ್ನು ನಿಲ್ಲಿಸಿದ್ದೇನೆ ಕೂಡ. ಎರಡು ವರ್ಷದ ಹಿಂದೆ ಕೂಗಿ ಕೂಗಿ ಗಂಟಲಿನಲ್ಲಿ ಸಣ್ಣದೊಂದು ಗಂಟಾಗಿ ಬನಶಂಕರಿಯ ಆಸ್ಪತ್ರೆಯಲ್ಲಿ ತೆಗೆಸಿಕೊಂಡೆ. ಜೋರಾಗಿ ಮಾತಾಡಬಾರದೆಂದು ಡಾಕ್ಟರು ತಾಕೀತು ಮಾಡಿದರು. ಆಗಿನಿಂದ ಸಣ್ಣಗೆ, ನಿಧಾನವಾಗಿ ಮಾತಾಡುವುದು ಅಭ್ಯಾಸವಾಗಿದೆ. ಅಮ್ಮನಿಗೆ ಬಹಳ ಸಂತೋಷ.

ಈ ವರ್ಷ ನನ್ನ ಈಗಿನ ಯೋಜನೆಗೆ ರೋಸಾ ಬಂದು ಸೇರಿದಳು. ಚಾಲಕರಿಗೆ ತರಬೇತಿ ಕೊಡುವ ಹುದ್ದೆ. ಹಳೆಯ ಓಟದ ನಂತರ ನಾವು ಒಂದೆರಡು ಸಲ ಭೇಟಿಯಾದದ್ದು ಬಿಟ್ಟರೆ ಒಟ್ಟಿಗೆ ಕೆಲಸ ಮಾಡಿರಲಿಲ್ಲ. ಮೊದಲ ಓಟಕ್ಕೆ ತಾನೇ ರೈಲು ಹತ್ತುತ್ತೇನೆಂದು ಹಟ ಹಿಡಿದಳು. ನಾನು ಕಂಟ್ರೋಲ್ ರೂಮಿನಿಂದ ಆಜ್ಞೆ ಕೊಟ್ಟೆ. ಅವಳು ತಿರುಗಿ ಹೇಳಬೇಕಿತ್ತು. ಹೇಳಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ. ಆಗ ತಡವರಿಸಿಕೊಂಡು ಹೇಳಿದಳು. ಓಟ ಚೆನ್ನಾಗಿಯೇ ಆಯಿತು.

ಇಳಿದವಳು ನೇರ ನನ್ನ ಮುಂದೆ ಬಂದು ನಿಂತಳು. ಏನಾಯಿತು, ಆಗ ಯಾಕೆ ತಡವರಿಸಿದೆ ಎಂದು ಕೇಳಿದೆ. ಅವಳು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಅವತ್ತು ನನ್ನ ಜೀವ ಉಳಿಸಿದ ಧ್ವನಿಯನ್ನು ನಾನು ಮರೆತಿಲ್ಲ. ಆಮೇಲೆ ನಿಮ್ಮನ್ನು ಭೇಟಿಯಾದಾಗಲೆಲ್ಲ, ನಿಮ್ಮ ಧ್ವನಿ ಹಾಗಿಲ್ಲವಲ್ಲ, ನಿಲ್ಲಿಸಿದ್ದು ತಾನಲ್ಲ ಎಂದು ನೀವು ಹೇಳುವುದು ನಿಜವಿರಬಹುದಲ್ಲ ಎಂದು ಒಳಗೊಳಗೇ ಅನ್ನಿಸುತ್ತಿತ್ತು. ಇವತ್ತು ರೇಡಿಯೋದಲ್ಲಿ ಕೇಳಿದ್ದು ಆ ಧ್ವನಿ. ಅದೇ.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಹಳೆಯ ರೆಕಾರ್ಡಿಂಗ್ ಹಾಕಿದೆ. ನೆಟ್‌ವರ್ಕಿನದೆಂದು ನಾನು ಅಂದುಕೊಂಡಿದ್ದ ಆ ಒಡಕು ನನ್ನ ಈಗಿನ ಗಂಟಲಿನದು. ಆ ನಿಧಾನ ನನ್ನ ಈಗಿನ ನಿಧಾನ. ಇಷ್ಟು ವರ್ಷ ನಾನು, ಆ ರೈಲನ್ನು ನಿಲ್ಲಿಸಿದವನು ಯಾರು ಎಂದು ಕೇಳಿಕೊಳ್ಳುತ್ತಿದ್ದೆ. ಈಗ ಅದಕ್ಕಿಂತ ವಿಚಿತ್ರವಾದ ಪ್ರಶ್ನೆ ಕಾಡುತ್ತಿದೆ: ನಿಲ್ಲಿಸಿದ್ದು ಯಾವಾಗಿನ ನಾನು? ಇದಕ್ಕೆ ನನ್ನಲ್ಲಿ ವಿವರಣೆಯಿಲ್ಲ, ಇದೆಯೆಂದು ಹೇಳುವವರನ್ನು ನಾನು ನಂಬುವುದೂ ಇಲ್ಲ. ನನಗೆ ಗೊತ್ತಿರುವುದು ಒಂದೇ. ರೋಸಾಳನ್ನು ಉಳಿಸಿದ ಆ ಮಾತು ನನ್ನ ಈ ಗಂಟಲಿನದೇ ಆಗಿದ್ದರೆ, ಅದನ್ನು ನಾನು ಇನ್ನೂ ಆಡಿಲ್ಲ.